ಎರಡನೇ ಉದ್ಯೋಗಕ್ಕೆ ಲಿಖಿತ ನಿಯಮ ಬೇಕು

ಮಾನ್ಯರೇ,

ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ 300 ಉದ್ಯೋಗಿಗಳನ್ನು ಕೆಲಸದಿಂದ ತೆಗೆದಿರುವುದಾಗಿ ವಿಪ್ರೊ 2022ರ ಸೆಪ್ಟೆಂಬರ್‌ನಲ್ಲಿ ತಿಳಿಸಿದಾಗ ಎದ್ದ ಚರ್ಚೆಯು ಬಹುಪಾಲು ನಿಷ್ಠೆಯ ಸುತ್ತಲೇ ನಡೆಯಿತು. ಎರಡನೇ ಕೆಲಸವು ನೌಕರರ ಮುಂದಿನ ವೃತ್ತಿಜೀವನದ ಮೇಲೆ ಬೀರುವ ಪರಿಣಾಮಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ನಮ್ಮ ನೆರೆಮನೆಯ ಯುವಕನೊಬ್ಬ ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ರಾತ್ರಿ ಬೇರೊಂದು ಸಣ್ಣ ಸಂಸ್ಥೆಗೆ ಕೋಡ್ ಬರೆಯುತ್ತಾ ಕಲಿತದ್ದರ ಬಲದಿಂದಲೇ ಡೆವಲಪರ್ ಹುದ್ದೆಯ ಸಂದರ್ಶನದಲ್ಲಿ ಆಯ್ಕೆಯಾದ. ಆದರೆ ಹಿನ್ನೆಲೆ ಪರಿಶೀಲನೆಯ ವೇಳೆ, ಭವಿಷ್ಯ ನಿಧಿಯ ಒಂದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಖಾತೆ ಸಂಖ್ಯೆ) ಅಡಿಯಲ್ಲಿ ಒಂದೇ ಅವಧಿಗೆ ಇಬ್ಬರು ಮಾಲೀಕರ ವಂತಿಗೆ ಜಮೆಯಾಗಿರುವುದು ಕಂಡುಬಂದು, ಕೈಗೆ ಬಂದಿದ್ದ ಆಫರ್ ರದ್ದಾಯಿತು. ಹೊಸ ಹುದ್ದೆಗೆ ಅರ್ಹತೆ ತಂದುಕೊಟ್ಟ ಅನುಭವವನ್ನೇ ಬಯೊಡೇಟಾದಲ್ಲಿ ಮುಚ್ಚಿಡಬೇಕಾದ ಈ ಸ್ಥಿತಿ ನ್ಯಾಯವಲ್ಲ.

ಪ್ರತಿಸ್ಪರ್ಧಿಗೆ ದುಡಿಯುವುದನ್ನು ತಡೆಯುವುದು ಸರಿಯೇ. ಆದರೆ, ಮ್ಯಾನೇಜರ್ ಮತ್ತು ಎಚ್‌ಆರ್ ಅನುಮತಿ ಪಡೆದು ಹೊರಗಿನ ಬಿಡಿ ಕೆಲಸ ಮಾಡಲು ಇನ್ಫೊಸಿಸ್ 2022ರ ಅಕ್ಟೋಬರ್‌ನಲ್ಲಿ ಅವಕಾಶ ಕಲ್ಪಿಸಿದಂತೆ, ಇತರ ಕಂಪನಿಗಳೂ ಇಂತಹ ನಿಯಮವನ್ನು ನೇಮಕಾತಿ ಪತ್ರದಲ್ಲೇ ನಮೂದಿಸುವಂತೆ ಕಾರ್ಮಿಕ ಇಲಾಖೆಯು ಸೂಚಿಸಬೇಕು. ಅನುಮತಿ ಪಡೆದು ಮಾಡಿದ ದುಡಿಮೆಯನ್ನು ಹೊಸದಾಗಿ ಕೆಲಸ ಕೊಡುವವರು ಅನುಭವವೆಂದೇ ಪರಿಗಣಿಸಬೇಕು.

– ಓದುಗ, ಬೆಂಗಳೂರು