ಮೊದಲು ಆ ಅಲಾರಂ ಬಂದ್ ಮಾಡು

ಕಲಬುರಗಿ, ಏಪ್ರಿಲ್ ತಿಂಗಳ ಬಿಸಿಲು

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. ಪತ್ರವೇ ಹೆಚ್ಚು ಸಂಕಟ ಕೊಟ್ಟಿತು. "ನಾಲ್ಕೂವರೆಗೆ ಎದ್ದು ಕೂಡುತ್ತೇನೆ, ಕಾಗದದ ಮೇಲೆ ತೂಕಡಿಸುತ್ತೇನೆ, ನನ್ನಲ್ಲಿ ಶಿಸ್ತಿಲ್ಲ, ನಾನು ಬರೆಯಲು ಹುಟ್ಟಿದವಳಲ್ಲ ಅಕ್ಕಾವರೆ" ಎಂದಿದ್ದೀಯ. ಆ ಕೊನೆಯ ಮಾತು ಹೇಳಲು ನಿನಗೆ ಇನ್ನೂ ಇಪ್ಪತ್ತು ವರ್ಷ ಸಮಯವಿದೆ, ಈಗಲೇ ಏನು ಅವಸರ? ಯಾವ ಪ್ರಕಾಶಕರಿಗೆ ಕಳಿಸಬೇಕು, ಸ್ಪರ್ಧೆಗೆ ಎಷ್ಟು ಪುಟವಿರಬೇಕು, ಡಿಟಿಪಿ ಯಾರಿಂದ ಮಾಡಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಓಣಿಗೊಬ್ಬರಿದ್ದಾರೆ. ನನ್ನನ್ನು ಬಿಟ್ಟುಬಿಡು.

ಮೊದಲು ಆ ಅಲಾರಂ ಬಂದ್ ಮಾಡು.

ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ನನಗೂ ತುಂಬಿದ್ದರು. ನಾನು ತಹಶೀಲ್ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದ ಕಾಲ. ಒಂದು ಕಥಾ ಕಮ್ಮಟದಲ್ಲಿ ಹಿರಿಯರೊಬ್ಬರು, ಸೂರ್ಯ ಹುಟ್ಟುವ ಮುಂಚೆ ಬರೆದದ್ದೇ ಬರಹ, ರಾತ್ರಿ ಬರೆದದ್ದು ನಿದ್ದೆಗೇಡಿತನ ಎಂದು ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ಚಹಾದ ಹೊತ್ತಿನಲ್ಲಿ ನನ್ನನ್ನು ಕರೆದು, ನೀವು ಯಾವಾಗ ಬರೆಯುತ್ತೀರಿ ಎಂದರು. ರಾತ್ರಿ ಹತ್ತರ ಮೇಲೆ ಎಂದೆ. "ಹಾಗಾದರೆ ಮನೆಯವರ ಗತಿ?" ಎಂದು ನಕ್ಕರು. ನಸುಕಿನಲ್ಲಿ ಇವರ ಮೇಜಿಗೆ ಬಿಸಿ ಚಹಾ ತಂದಿಡುವವರು ಯಾವಾಗ ಏಳುತ್ತಾರೆ ಎಂದು ಕೇಳಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ಮೈಯೊಳಗೊಂದು ಗಡಿಯಾರವಿದೆ ಎಂಬುದು ಕಟ್ಟುಕಥೆಯಲ್ಲ. ಜೀವಕೋಶದೊಳಗೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಿಸುವುದಿಲ್ಲ. ಹದಿಹರೆಯದಲ್ಲಿ ಅದು ತಡವಾಗುತ್ತ ಹೋಗುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಎಲ್ಲಕ್ಕಿಂತ ತಡ, ವಯಸ್ಸಾದಂತೆ ಮತ್ತೆ ಹಿಂದಕ್ಕೆ ಸರಿಯುತ್ತದೆ. ಅರವತ್ತು ದಾಟಿದವರಿಗೆ ನಸುಕಿನಲ್ಲಿ ನಿದ್ದೆ ತಾನಾಗಿ ಹಾರಿಹೋಗುತ್ತದೆ, ಅದನ್ನೇ ತಪಸ್ಸು ಎಂದು ಹೇಳಿಕೊಂಡು ತಿರುಗುತ್ತಾರೆ. ನಿನಗಿನ್ನೂ ಇಪ್ಪತ್ಮೂರು. ಸಾಮಾನ್ಯವಾಗಿ ನಸುಕಿನ ನಾಲ್ಕೈದರ ಸುಮಾರಿಗೆ ಮೈಯ ಬಿಸಿ ದಿನದಲ್ಲೇ ಅತಿ ಕೆಳಗಿರುತ್ತದೆ, ರಾತ್ರಿ ಎಚ್ಚರವಿರುವ ಸ್ವಭಾವದವರಲ್ಲಿ ಇನ್ನಷ್ಟು ತಡವಾಗಿ. ಮೈ ಅಷ್ಟು ಆಳದಲ್ಲಿದ್ದಾಗ ಅದನ್ನು ಎಬ್ಬಿಸಿ, ಬರೆ ಎಂದು ಗದರಿಸಿ, ಬರೆಯಲಿಲ್ಲ ಎಂದು ನಿನ್ನನ್ನೇ ಬೈದುಕೊಳ್ಳುತ್ತಿದ್ದೀಯ.

ಸಾಕ್ಷಿ ನಿನ್ನ ಕಥೆಯಲ್ಲೇ ಇದೆ. ಮೊದಲ ಎರಡು ಪುಟಗಳಲ್ಲಿ ತಾಯಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು ತೊಗರಿ ಹಸನು ಮಾಡುತ್ತಾಳೆ. ಮೊರವನ್ನು ಎರಡು ಸಲ ಮೇಲಕ್ಕೆ ಹಾರಿಸಿ ಮೂರನೆಯ ಸಲ ಅಡ್ಡಕ್ಕೆ ಅಲುಗಿಸುತ್ತಾಳೆ, ಹರಳು ಮೂಲೆಗೆ ಬಂದು ನಿಲ್ಲುತ್ತದೆ. ಅದನ್ನು ಎಸೆಯದೆ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ, ಯಾಕೆಂದು ಮಗಳಿಗೆ ತಿಳಿಯುವುದಿಲ್ಲ. ಇಷ್ಟು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಮೂರನೆಯ ಪುಟದಲ್ಲಿ ಅದೇ ತಾಯಿ "ಬದುಕಿನ ಅರ್ಥವನ್ನು ಅರಸುತ್ತ ಆಳವಾದ ಮೌನಕ್ಕೆ ಜಾರುತ್ತಾಳೆ". ಈ ಹೆಂಗಸು ಯಾರು? ಎಲ್ಲಿಂದ ಬಂದಳು? ಮೊದಲೆರಡು ಪುಟಗಳನ್ನು ರಾತ್ರಿ ಊಟವಾದ ಮೇಲೆ ಬರೆದಿದ್ದೀಯ, ಮೂರನೆಯದನ್ನು ಅಲಾರಂ ಹೊಡೆದುಕೊಂಡ ಮೇಲೆ. ಬೇಕಾದರೆ ಪಣ ಕಟ್ಟುತ್ತೇನೆ. ದಣಿದ ತಲೆ ಸೋಮಾರಿಯಾಗಿರುವುದಿಲ್ಲ ತಂಗಿ, ಅದು ಬೇಕಾದಷ್ಟು ಬರೆಯುತ್ತದೆ. ಕಂಡದ್ದನ್ನು ಬಿಟ್ಟು, ಎಲ್ಲೋ ಓದಿದ್ದನ್ನು ಬರೆಯುತ್ತದೆ. ಬರಹದಲ್ಲಿ ಸುಳ್ಳು ಹೆಚ್ಚಾಗಿ ನುಸುಳುವುದು ಹೀಗೆ. ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುವವರು ಈ ಸುಳ್ಳಿನ ಮಾತೇ ಎತ್ತುವುದಿಲ್ಲ.

ನಿನ್ನ ಹೊತ್ತು ಯಾವುದೆಂದು ನಾನು ಹೇಳಲಾರೆ, ನೀನೇ ಹಿಡಿಯಬೇಕು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳಲ್ಲವೆ, ಇದಕ್ಕೂ ಒಂದು ವಹಿ ಇಡು. ಬರೆದ ಪ್ರತಿ ಪುಟದ ಅಂಚಿನಲ್ಲಿ ಗಂಟೆ ಎಷ್ಟೆಂದು ಬರೆ. ರಜೆಯ ದಿನ ಯಾರೂ ಎಬ್ಬಿಸದಿದ್ದರೆ ಎಷ್ಟಕ್ಕೆ ಎಚ್ಚರವಾಗುತ್ತದೆ ನೋಡು, ಕೆಲಸದ ದಿನಗಳನ್ನು ನಂಬಬೇಡ. ಒಂದು ತಿಂಗಳಾದ ಮೇಲೆ ಆ ಪುಟಗಳನ್ನೆಲ್ಲ ಹರಡಿಕೊಂಡು ಓದಿದರೆ ಯಾವ ಗಂಟೆಯ ಪುಟಗಳಲ್ಲಿ ಹರಳು ಕಾಣುತ್ತದೆ, ಯಾವುದರಲ್ಲಿ ಮೌನಕ್ಕೆ ಜಾರುತ್ತಾರೆ ಎಂಬುದು ನಿನಗೇ ಗೊತ್ತಾಗುತ್ತದೆ. ಹೊಸ ತೊಗರಿ ಮಾರುಕಟ್ಟೆಗೆ ಬಂದು ಮಿಲ್ಲಿನಲ್ಲಿ ಉಸಿರಾಡಲು ಬಿಡುವಿಲ್ಲದ ಚಳಿಗಾಲದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಬೇಡ. ಆಗ ಕಥೆ ಬರೆಯದಿದ್ದರೆ ಕನ್ನಡಕ್ಕೆ ಏನೂ ನಷ್ಟವಿಲ್ಲ.

ಮಧ್ಯಾಹ್ನದ ಮಾತು ಬೇರೆ. ಒಂದರಿಂದ ಮೂರರವರೆಗೆ ಮನುಷ್ಯನ ಎಚ್ಚರ ಒಂದಿಷ್ಟು ಇಳಿಯುತ್ತದೆ, ಊಟ ಮಾಡದಿದ್ದರೂ ಇಳಿಯುತ್ತದೆ. ನಮ್ಮಲ್ಲಿ ಅದರ ಮೇಲೆ ನಲವತ್ತೆರಡು, ನಲವತ್ಮೂರು ಡಿಗ್ರಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಸರ್ಕಾರಕ್ಕೇ ಅರ್ಥವಾದದ್ದು ಸಾಹಿತಿಗಳಿಗೆ ಅರ್ಥವಾಗಿಲ್ಲ. ಆ ಮಂದ ಹೊತ್ತನ್ನು ಬಿಸಾಡಬೇಕಿಲ್ಲ. ಮಿಲ್ಲಿಗೆ ರಜೆಯಿದ್ದ ದಿನ ಕಾಗುಣಿತ ತಿದ್ದು, ಪ್ರತಿ ತೆಗೆ, ಪತ್ರಗಳಿಗೆ ಉತ್ತರ ಬರೆ. ಹೊಸ ವಾಕ್ಯವನ್ನು ಮಾತ್ರ ಹುಟ್ಟಿಸಬೇಡ.

ಇದನ್ನು ಮೈಗಳ್ಳತನಕ್ಕೆ ಪರವಾನಗಿ ಎಂದು ತಿಳಿದೀಯ, ಜೋಕೆ. ಒಳ್ಳೆಯ ಹೊತ್ತು ಯಾವುದೆಂದು ಗೊತ್ತಾದ ಮೇಲೆ ಅದನ್ನು ಕಾಯುವುದೇ ಕಷ್ಟ. ನೀನು ರಾತ್ರಿಯವಳೇ ಆಗಿದ್ದರೆ ಮೊದಲ ಕಳ್ಳ ಮೊಬೈಲ್. ಎರಡನೆಯ ಕಳ್ಳನಿಗೆ ಶಾಲು ಹೊದಿಸಿ ಹಾರ ಹಾಕಿರುತ್ತಾರೆ. ಈ ಕಥೆ ಎಲ್ಲಾದರೂ ಅಚ್ಚಾಯಿತೆಂದರೆ ನಿನ್ನನ್ನು "ಯುವ ಪ್ರತಿಭೆ" ಎಂದು ವೇದಿಕೆಗೆ ಕರೆಯುತ್ತಾರೆ. ಆರಕ್ಕೆ ಬಾ ಎನ್ನುತ್ತಾರೆ, ಅತಿಥಿಗಳು ಬರುವುದು ಎಂಟಕ್ಕೆ. ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ ಮುಗಿದು ಮನೆ ಸೇರುವ ಹೊತ್ತಿಗೆ ನಿನ್ನ ತಲೆಯಲ್ಲಿ ಉಳಿದಿರುವುದು ಬರೀ ಹೊಗಳಿಕೆ. ನನ್ನ ಎಷ್ಟೋ ರಾತ್ರಿಗಳು ಹಾಗೆ ಹೋದವು. ಹೊಗಳಿದವರ ಹೆಸರೂ ಈಗ ನೆನಪಿಲ್ಲ.

ನಿದ್ದೆಯಿಂದ ಕದ್ದು ಬರೆಯಬೇಡ. ಹನ್ನೆರಡಕ್ಕೆ ಮಲಗಿದರೆ ಏಳಕ್ಕೆ ಏಳು, ಮಿಲ್ಲು ತೆರೆಯುವುದು ಒಂಬತ್ತೂವರೆಗೆ ತಾನೆ. ಸಂಜೆಯ ಚಹಾವನ್ನು ಬೇಗ ಮುಗಿಸು, ಅದರ ಎಚ್ಚರಿಸುವ ಗುಣ ಐದು ಗಂಟೆಯಾದರೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಮನೆಯಲ್ಲಿ ಲೈಟು ಉರಿಯುತ್ತಿದೆ ಎಂದು ಗೊಣಗಿದರೆ ಕರೆಂಟ್ ಬಿಲ್ಲಿಗೆ ನೂರು ರೂಪಾಯಿ ನಿನ್ನ ಪಗಾರದಿಂದ ಕೊಡು, ಬಾಯಿ ಮುಚ್ಚುತ್ತಾರೆ.

ಮೂರನೆಯ ಪುಟವನ್ನು ಮತ್ತೆ ಬರೆದು ಕಳಿಸು. ಆ ಹರಳುಗಳನ್ನು ತಾಯಿ ಏನು ಮಾಡುತ್ತಾಳೆ ಎಂಬುದು ನನಗೆ ಬೇಕು, ಅವಳ ಮೌನ ಬೇಡ. ಅವಸರವಾದರೆ ಫೋನ್ ಮಾಡು, ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ. ಆಗ ಮಲಗಿರುತ್ತೇನೆ.

ನಿನ್ನ
ಅಕ್ಕ