ಮಗಳಿಗೊಂದು ಪತ್ರ: ಕೊನೇ ಸಾಲಿಗೂ ಕೇಳಿಸುವ ನಾಣ್ಯ

ಪುಟ್ಟಿ,

ಹಾಸ್ಟೆಲ್ ಡೇಗೆ ಮಾಡುತ್ತೇನೆ ಅಂತ ನೀನು ಕಳಿಸಿದ ನಾಣ್ಯದ ಆಟಗಳ ಪಟ್ಟಿ ನೋಡಿದೆ. ಎಲ್ಲವೂ ಒಳ್ಳೆಯ ಜಾದೂಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಅರ್ಧಕ್ಕರ್ಧ ನಿನ್ನ ಬೆರಳಿಗೆ ಖುಷಿ ಕೊಡುವಂಥವು, ನೋಡುವವರಿಗಲ್ಲ. ನೀನು ಅಭ್ಯಾಸ ಮಾಡುವಾಗ ಕನ್ನಡಿ ಒಂದು ಮೊಳ ದೂರದಲ್ಲಿರುತ್ತದೆ. ಅವತ್ತು ಸಭಾಂಗಣದ ಕೊನೇ ಸಾಲಿನಲ್ಲಿ ಕೂತವಳಿಗೆ ನಿನ್ನ ಕೈಯಲ್ಲಿರುವ ಐದು ರೂಪಾಯಿ ಕಾಣುವುದು ಒಂದು ಚುಕ್ಕೆಯಾಗಿ. ಐದು ರೂಪಾಯಿ ನಾಣ್ಯ ಇರುವುದೇ 23ರಿಂದ 25 ಮಿಲಿಮೀಟರ್, ಈಗಿನ ಒಂದು ರೂಪಾಯಿ ಇನ್ನೂ ಚಿಕ್ಕದು. ಆದ್ದರಿಂದ ಯಾವ ಟ್ರಿಕ್ ಚೆಂದ ಅಂತ ಕೇಳಬೇಡ. ಜನ ಎಲ್ಲಿ ಕೂತಿರುತ್ತಾರೆ ಅಂತ ಮೊದಲು ಹೇಳು.

ಮೇಟ್ರಿಕ್ಸ್ ತೆಗೆದುಹಾಕು. ನಾಲ್ಕು ಮೂಲೆಗೆ ನಾಲ್ಕು ನಾಣ್ಯ, ಮೇಲೆ ನಾಲ್ಕು ಇಸ್ಪೀಟೆಲೆ, ಕೊನೆಗೆ ಎಲ್ಲಾ ನಾಣ್ಯ ಒಂದೇ ಎಲೆಯ ಕೆಳಗೆ. ಆಲ್ ಷ್ನೈಡರ್ ಕಟ್ಟಿದ ಆಟ, ನನಗೂ ಬಹಳ ಇಷ್ಟ. ಆದರೆ ಅದು ನಡೆಯುವುದೆಲ್ಲ ಮೇಜಿನ ಮೇಲೆ ಮಲಗಿಕೊಂಡು. ವೇದಿಕೆಯ ಕೆಳಗೆ ಕೂತವರಿಗೆ ಕಾಣುವುದು ಮೇಜಿನ ಅಂಚು, ಅದರ ಹಿಂದೆ ಏನೋ ತಡಕಾಡುತ್ತಿರುವ ನೀನು. ಕ್ಯಾಮೆರಾ ಇಟ್ಟು ಪರದೆ ಮೇಲೆ ದೊಡ್ಡದಾಗಿ ತೋರಿಸುವ ವ್ಯವಸ್ಥೆ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ರಾತ್ರಿ ಊಟ ಆದಮೇಲೆ ಮೆಸ್ ಟೇಬಲ್ಲಿನಲ್ಲಿ ನಾಲ್ಕು ಜನ ಗೆಳತಿಯರಿಗೆ ಮಾಡು, ಕಿರುಚಿಬಿಡುತ್ತಾರೆ. ಬೆರಳುಗಳ ಮೇಲೆ ನಾಣ್ಯ ಉರುಳಿಸುವುದು ಕೂಡ ಅಲ್ಲಿಗೇ ಸರಿ. ಅದು ಜಾದೂ ಅಲ್ಲ ಕಣೇ, ಸುಮ್ನೆ ಕಸರತ್ತು. ನೀನು ಚಾಲಾಕಿ ಅಂತ ಮೊದಲೇ ಸಾರಿಬಿಟ್ಟರೆ ಆಮೇಲೆ ಎಲ್ಲರೂ ನಿನ್ನ ಬೆರಳನ್ನೇ ಕಾಯುತ್ತಾರೆ.

ಹಾಗಾದರೆ ಸಭಾಂಗಣಕ್ಕೆ ಏನು? ನಾಣ್ಯ ಕಣ್ಣಿಗೆ ಎಷ್ಟು ಚಿಕ್ಕದೋ ಕಿವಿಗೆ ಅಷ್ಟೇ ದೊಡ್ಡದು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು, ಕೌಂಟರಿನ ಆಚೆ ಒಂದು ನಾಣ್ಯ ನೆಲಕ್ಕೆ ಬಿದ್ದರೆ ಇಡೀ ಹಾಲ್ ತಿರುಗಿ ನೋಡುವುದನ್ನು ದಿನಾ ನೋಡಿದ್ದೇನೆ. ಹಿಂದಿನ ಕಾಲದ ವ್ಯಾಪಾರಿಗಳು ರೂಪಾಯಿಯನ್ನು ಕಲ್ಲಿಗೆ ಬಡಿದು, ಠಣ್ ಅಂತಲೋ ಬೊದ್ದಾಗಿಯೋ ಅಂತ ಕೇಳಿ ಖೋಟಾ ಹಿಡಿಯುತ್ತಿದ್ದರು, ಅಲ್ವಾ? ಅದಕ್ಕೇ ಹೇಳುವುದು, ಕೇಳಿಸುವ ಜಾದೂ ಆರಿಸು.

ಕೇಳಿಸುವುದರಲ್ಲಿ ಎಲ್ಲಕ್ಕಿಂತ ಮೇಲೆ ಜಿಪುಣನ ಕನಸು. ಗಾಳಿಯಲ್ಲಿ ಕೈ ಆಡಿಸಿ ನಾಣ್ಯ ಹಿಡಿಯುವುದು, ಪಾತ್ರೆಗೆ ಹಾಕುವುದು, ಮತ್ತೆ ಹಿಡಿಯುವುದು. ಇದರಿಂದ ಹೆಸರು ಮಾಡಿದವನು ಅಮೆರಿಕದ ಟಿ. ನೆಲ್ಸನ್ ಡೌನ್ಸ್. ಹುಟ್ಟಿದ್ದು 1867ರಲ್ಲಿ, ಅಯೋವಾದಲ್ಲಿ. ಮೊದಲು ರೈಲ್ವೆಯಲ್ಲಿ ಟೆಲಿಗ್ರಾಫ್ ಕೆಲಸದಲ್ಲಿದ್ದು, ಆಮೇಲೆ ಬರೀ ನಾಣ್ಯ ಹಿಡಿದುಕೊಂಡೇ 1899ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿನ ವೇದಿಕೆ ಹತ್ತಿದ. ಅಷ್ಟು ದೊಡ್ಡ ಥಿಯೇಟರು, ಕೈಯಲ್ಲಿ ಇಷ್ಟೇ ಇಷ್ಟು ನಾಣ್ಯ! ನಮ್ಮ ಸಂತೆಗಳಲ್ಲಿ ಹುಡುಗರ ಮೂಗಿನಿಂದ ನಾಣ್ಯ ಉದುರಿಸಿ ಡಬ್ಬಿಗೆ ಹಾಕುತ್ತಿದ್ದ ಗಾರುಡಿಗರೂ ನಂಬಿದ್ದು ಆ ಸದ್ದನ್ನೇ.

ನಿನಗೆ ಕೈಕೆಲಸ ಗೊತ್ತು, ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಅವಸರ ಮಾಡುವುದು ಇಲ್ಲೇ. ಎಡಗೈ ಬೆರಳು ಪಾತ್ರೆಯ ಒಳಗೆ, ಹೆಬ್ಬೆರಳು ಹೊರಗೆ. ಒಳಗಿನ ಬೆರಳುಗಳು ನಾಣ್ಯದ ಸಾಲನ್ನು ಪಾತ್ರೆಯ ಗೋಡೆಗೆ ಒತ್ತಿ ಹಿಡಿದಿರುತ್ತವೆ. ಬಲಗೈಯಲ್ಲಿರುವುದು ಒಂದೇ ನಾಣ್ಯ. ಅದು ಬೆರಳ ತುದಿಗೆ ಬರುತ್ತದೆ, ಜನ ನೋಡುತ್ತಾರೆ, ಕೈ ಪಾತ್ರೆಯ ಬಾಯಿಗೆ ಹೋಗುತ್ತದೆ, ನಾಣ್ಯ ಮತ್ತೆ ಅಂಗೈಗೆ ಸರಿಯುತ್ತದೆ, ಅದೇ ಗಳಿಗೆಗೆ ಎಡಗೈ ಒಂದನ್ನು ಬಿಡುತ್ತದೆ. ಠಣ್. ಆ ಸದ್ದು ಕೂದಲೆಳೆಯಷ್ಟು ತಡವಾದರೂ ಜನಕ್ಕೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬಾರದಿದ್ದರೂ. ಕೊನೆಗೆ ಪಾತ್ರೆಯನ್ನು ತಟ್ಟೆಗೆ ಮಗುಚಿ ಎಲ್ಲಾ ನಾಣ್ಯ ಸುರಿಯಲೇಬೇಕು. ಆ ಸುರಿಯುವ ಸದ್ದಿಗೇ ಚಪ್ಪಾಳೆ ಬರುವುದು. ವಿದೇಶದವರ ಹಾಗೆ ಶಾಂಪೇನ್ ಬಕೆಟ್ ಹುಡುಕಿಕೊಂಡು ಹೋಗಬೇಡ. ಪಂಕ್ತಿಯಲ್ಲಿ ಸಾರು ಬಡಿಸುವ ಸ್ಟೀಲ್ ಬಕೆಟ್ ಮೆಸ್ಸಿನಲ್ಲೇ ಇರುತ್ತದೆ, ಬಾಯಿ ಅಗಲ, ಹಿಡಿಕೆಯೂ ಇದೆ. ಅಡುಗೆಯವರ ಹತ್ತಿರ ಕೇಳಿ ಇಸ್ಕೋ, ಮತ್ತೆ ಚೆನ್ನಾಗಿ ಒರೆಸಿಕೋ. ಒದ್ದೆ ಇದ್ದರೆ ನಾಣ್ಯ ಬೆರಳಿಂದ ಜಾರುತ್ತದೆ.

ಇದಕ್ಕೆ ಹತ್ತು ರೂಪಾಯಿ ನಾಣ್ಯ ತಗೋ. 27 ಮಿಲಿಮೀಟರ್ ಇದೆ, ಎರಡು ಬಣ್ಣ ಇರುವುದರಿಂದ ಬೆಳಕಿಗೆ ಮಿಂಚುತ್ತದೆ. ಇಪ್ಪತ್ತರದ್ದೂ ಅಷ್ಟೇ ಅಗಲ, ಆದರೆ ಹನ್ನೆರಡು ಮೂಲೆ. ನನಗಂತೂ ಅದು ಅಂಗೈಯಲ್ಲಿ ಒಂದೊಂದು ಸಲ ಒಂದೊಂದು ಥರ ಕೂರುತ್ತದೆ.

ಎರಡನೆಯದು, ನಾಣ್ಯ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಆಟ, ಕಾಯಿನ್ಸ್ ಅಕ್ರಾಸ್. ಇದು ಇರಲಿ. ಆದರೆ ನಿನ್ನದೇ ಎರಡು ಕೈಯಲ್ಲಿ ಮಾಡಬೇಡ, ಒಬ್ಬಳನ್ನು ವೇದಿಕೆಗೆ ಕರಿ. ಅವಳ ಅಂಗೈಗೆ ಜೋರಾಗಿ ನಾಲ್ಕು ಅಂತ ಎಣಿಸಿ ಮುಷ್ಟಿ ಮುಚ್ಚಿಸು. ಎಣಿಸುವಾಗಲೇ ಒಂದು ನಿನ್ನ ಹತ್ತಿರ ಉಳಿದಿರಬೇಕು, ಅಂದರೆ ಜನ ಜಾದೂ ಶುರುವಾಯಿತು ಅಂದುಕೊಳ್ಳುವ ಹೊತ್ತಿಗೆ ನಿನ್ನ ಕೆಲಸ ಮುಗಿದಿರುತ್ತದೆ. ನಿನ್ನ ಕೈಲಿರುವ ಸ್ಟೀಲ್ ಲೋಟದಲ್ಲಿ ಟಿಣ್ ಅಂದಾಗ ಅವಳು ಮುಷ್ಟಿ ಬಿಚ್ಚಿ ತಾನೇ ಎಣಿಸಲಿ. ಮೂರೇ! ಅವಳ ಮುಖ ನೋಡಿಯೇ ಹಿಂದಿನ ಸಾಲಿನವರಿಗೆ ಗೊತ್ತಾಗುತ್ತದೆ, ನಾಣ್ಯ ಕಾಣಲೇಬೇಕಂತಿಲ್ಲ. ಮಾತಿಗೆ ಬಸ್ ಕಂಡಕ್ಟರ್ ಕಥೆ ಇಟ್ಟುಕೋ. ಅವಳು ಕಂಡಕ್ಟರ್, ನೀನು ಪ್ಯಾಸೆಂಜರ್. ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು "ಚಿಲ್ಲರೆ ಆಮೇಲೆ ತಗೊಳ್ಳಿ" ಅನ್ನುತ್ತಾರೆ, ಆಮೇಲೆ ಯಾವತ್ತೂ ಬರುವುದಿಲ್ಲ, ಇವತ್ತು ಚಿಲ್ಲರೆ ತಾನಾಗಿಯೇ ನಡೆದುಕೊಂಡು ಬರುತ್ತಿದೆ. 2023ರಿಂದ ನಿಮಗೆಲ್ಲ ಬಸ್ಸು ಫ್ರೀ, ಈ ಜಗಳವೇ ಮರೆತುಹೋಗಿರಬಹುದು. ಆ ಮಾತನ್ನೂ ಸೇರಿಸಿಬಿಡು, ನಗುತ್ತಾರೆ.

ಈ ಆಟಕ್ಕೆ ಅಜ್ಜಿಯ ಬೆಳ್ಳಿ ರೂಪಾಯಿ ಕೊಡುತ್ತೇನೆ. ಬ್ರಿಟಿಷರ ಕಾಲದ ಆ ರೂಪಾಯಿ 11.66 ಗ್ರಾಂ, ಅಗಲ 30 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅಮೆರಿಕದ ಜಾದೂಗಾರರು ಸಾಮಾನ್ಯವಾಗಿ ಬಳಸುವ ಅರ್ಧ ಡಾಲರ್ 30.6 ಮಿಲಿಮೀಟರ್, 11.34 ಗ್ರಾಂ. ಹೆಚ್ಚುಕಮ್ಮಿ ಒಂದೇ. ನೀನು ವಿಡಿಯೊದಲ್ಲಿ ನೋಡಿ ಕಲಿತ ಹಿಡಿತಗಳೆಲ್ಲ ಆ ಅಳತೆಗೆ ಹುಟ್ಟಿದ್ದು, ಐದು ರೂಪಾಯಿಯಲ್ಲಿ ಅವು ಕೂರದೆ ಇದ್ದದ್ದು ನಿನ್ನ ಕೈಯ ದೋಷವಲ್ಲ. ಸವೆದವನ್ನೇ ಆರಿಸಿ ಇಟ್ಟಿದ್ದೇನೆ. ಹೊಸ ನಾಣ್ಯ ಅಂಗೈಯಲ್ಲಿ ಒಂದಕ್ಕೊಂದು ತಾಗಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಸವೆದದ್ದು ಮೆತ್ತಗೆ ಸರಿಯುತ್ತದೆ. ಸದ್ದು ಬೇಕಾದಾಗ ಮಾತ್ರ ಬರಬೇಕು.

ಮೂರನೆಯದು ನಿನ್ನ ಸ್ಪೆಲ್‌ಬೌಂಡ್. ಒಂದು ನಾಣ್ಯ ಇನ್ನೊಂದಾಗುವುದು ದೂರಕ್ಕೆ ತಿಳಿಯುವುದೇ ಇಲ್ಲ. ನಾಣ್ಯ ಚಾಕಲೇಟ್ ಆಗಲಿ. ಚಿಲ್ಲರೆ ಇಲ್ಲ ಅಂತ ಅಂಗಡಿಯವರು ಕೈಗಿಡುವ ಅದೇ ಒಂದು ರೂಪಾಯಿ ಚಾಕಲೇಟ್, ಕೆಂಪು ಕಾಗದದ್ದು. ಹಾಗೇ ಜನರ ಮಧ್ಯಕ್ಕೆ ಎಸೆದುಬಿಡು. ಇದನ್ನು ಎರಡೇ ನಿಮಿಷ ಮಾಡು, ಮೊದಲಿಗೇ ಮಾಡು. ಆಮೇಲೆ ಕಂಡಕ್ಟರ್, ಕೊನೆಗೆ ಬಕೆಟ್. ಬೇರೇನೂ ಬೇಡ. ನಾಣ್ಯವನ್ನು ಇನ್ನೊಂದು ಕೈಗೆ ತಗೊಂಡ ಹಾಗೆ ನಟಿಸಿ ಮೊದಲ ಕೈಯಲ್ಲೇ ಉಳಿಸಿಕೊಳ್ಳುವ ಫ್ರೆಂಚ್ ಡ್ರಾಪ್ ಒಂದನ್ನೇ ತೋರಿಸಿ "ಮಾಯ!" ಅನ್ನಬೇಡ, ಈಗ ಮೂರನೇ ಕ್ಲಾಸಿನ ಹುಡುಗನೂ "ಇನ್ನೊಂದು ಕೈ ತೋರಿಸಕ್ಕಾ" ಅನ್ನುತ್ತಾನೆ.

ಅಭ್ಯಾಸದ ವಿಡಿಯೊ ಕಳಿಸುವಾಗ ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಸು. ಪಕ್ಕದ ಬಾಗಿಲ ಹತ್ತಿರ ನಿಂತವರಿಗೇ ಅಂಗೈ ಕಾಣುವುದು, ಅವತ್ತು ಮೊಬೈಲ್ ಹಿಡಿದು ನಿಲ್ಲುವವರೂ ಅವರೇ. ನಾಣ್ಯ ಇಲ್ಲದ ಕೈಯನ್ನು ನೀನೇ ನೋಡು, ಅವರೂ ಅದನ್ನೇ ನೋಡುತ್ತಾರೆ.

ಬೆಳ್ಳಿ ರೂಪಾಯಿ ನಾಲ್ಕನ್ನೂ ಅಪ್ಪನ ಕೈಯಲ್ಲಿ ಭಾನುವಾರ ಕಳಿಸುತ್ತೇನೆ. ವರಮಹಾಲಕ್ಷ್ಮಿ ಹಬ್ಬದ ಕಲಶದ ಮುಂದೆ ಇಡುವಂಥವು, ಹಬ್ಬದೊಳಗೆ ನಾಲ್ಕೂ ವಾಪಸ್ ಬರಬೇಕು. ಮೂರು ತಂದುಕೊಟ್ಟು ನಾಲ್ಕನೆಯದು ಗಾಳಿಯಲ್ಲಿದೆ ಅಂದರೆ ಅಜ್ಜಿ ಹತ್ತಿರ ನಡೆಯುವುದಿಲ್ಲ.

ನಿನ್ನ ಅಮ್ಮ