'ಗಂಡಸರಿಗೂ ಬರುತ್ತದೆ' ಅಂತ ಒಂದು ಸಾಲು ಹಾಕಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಸ್ತನ ಕ್ಯಾನ್ಸರ್ ಲೇಖನ ಇದ್ದೇ ಇರುತ್ತದೆ. ಪ್ರತಿ ಸಲ 'ಮಹಿಳೆಯರೇ ಎಚ್ಚರ'. ನಾನು 63 ವರ್ಷದ ಗಂಡಸು. ತೀರ್ಥಹಳ್ಳಿ ಹತ್ತಿರ 2 ಎಕರೆ ಅಡಿಕೆ ತೋಟ ಇದೆ. ಎಡಗಡೆ ಎದೆಯ ಮೇಲೆ ಗೇಣುದ್ದ ಹೊಲಿಗೆಯ ಗುರುತೂ ಇದೆ.

ಮೊದಲು ತೊಟ್ಟಿನ ಹಿಂದೆ ಬಟಾಣಿಯಷ್ಟು ಗಂಟು. ನೋವಿಲ್ಲ. ಅಡಿಕೆ ಗೊನೆ ಕೊಯ್ಯುವಾಗ ದೋಟಿ (ಕೊಯ್ಯುವ ಉದ್ದ ಕೋಲು) ತಾಗಿರಬೇಕು ಅಂತ 8 ತಿಂಗಳು ಸುಮ್ನೆ ಇದ್ದೆ. ತೊಟ್ಟು ಒಳಕ್ಕೆ ಎಳೆದುಕೊಂಡ ಮೇಲೆ ಡಾಕ್ಟರಿಗೆ ತೋರಿಸಿದ್ದು. ಈ ಕಾಯಿಲೆಯ 100 ಜನರಲ್ಲಿ ಹೆಚ್ಚುಕಮ್ಮಿ ಒಬ್ಬ ಗಂಡಸು ಇರುತ್ತಾನೆ ಅಂದರು. ನಮ್ಮ ಎದೆಯಲ್ಲಿ ಮಾಂಸ ಕಡಿಮೆ, ಗಂಟು ಬೇಗ ಕೈಗೆ ಸಿಗುತ್ತದೆ. ಸಿಕ್ಕರೂ ತೋರಿಸುವುದಿಲ್ಲ, ಅಷ್ಟೇ.

ಒಂದು ಕಡೆ ಸ್ಕ್ಯಾನಿಂಗ್‌ಗೆ ಹೋದರೆ ಫಾರಂನಲ್ಲಿ 'ಕೊನೆಯ ಮುಟ್ಟು ಯಾವಾಗ' ಎಂದಿತ್ತು. ಗೌನ್ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟರು! ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ.

ಆಪರೇಷನ್ ಆದ ಮೇಲೆ ಹಾರ್ಮೋನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ದಿನಕ್ಕೊಂದು, 5 ವರ್ಷ. ಹೆಂಗಸರಿಗೆ ಕೊಡುವ ಮಾತ್ರೆಯೇ. ಆಷಾಢದ ಮಳೆ ಹೊಯ್ಯುತ್ತಿದ್ದರೂ, ಮುಟ್ಟು ನಿಲ್ಲುವಾಗ ಹೆಂಗಸರಿಗೆ ಆಗುವ ಹಾಗೆ ಮೈ ಧಗ್ಗೆಂದು ಬೆವರುತ್ತದೆ. 'ನಂಗೆ ಮುಗೀತು, ಈಗ ನಿಮ್ಗೆ ಶುರುವಾಯ್ತು' ಅಂತ ಮನೆಯವಳ ತಮಾಷೆ.

ಅದಕ್ಕಿಂತ ಕಷ್ಟ ಅಂಗಿ ತೆಗೆಯುವುದು. ದೇವಸ್ಥಾನ, ಮದುವೆ ಮನೆಯ ಪಂಕ್ತಿ, ನಮ್ಮಲ್ಲಿ ತೆಗೆಯದೆ ಆಗುತ್ತದಾ? ಎರಡು ವರ್ಷ ಶಲ್ಯ ಬಿಗಿಯಾಗಿ ಹೊದ್ದು ಓಡಾಡಿದೆ. ಎಳ್ಳಮಾವಾಸ್ಯೆಗೆ ತುಂಗಾ ನದಿಯ ರಾಮತೀರ್ಥದಲ್ಲಿ ಮುಳುಗು ಹಾಕುವಾಗ ಮಾತ್ರ ಬಿಚ್ಚಲೇಬೇಕಾಯಿತು. ಕೇಳಿದವರಿಗೆ ಇದ್ದದ್ದು ಹೇಳಿದೆ. ಸುದ್ದಿ ಹರಡಿತು.

ಹಾಗೆ ಹರಡಿದ್ದಕ್ಕೇ ಕೊಪ್ಪ ಕಡೆಯವರೊಬ್ಬರು ಫೋನ್ ಮಾಡಿದರು. ಅರ್ಧ ಗಂಟೆ ರಾಶಿ ಅಡಿಕೆ ರೇಟು, ಎಲೆಚುಕ್ಕಿ ರೋಗ. ಆಮೇಲೆ ಸಣ್ಣ ದನಿಯಲ್ಲಿ, 'ಆ ಮಾತ್ರೆ ತಗೊಂಡ್ರೆ ನಿಮ್ಗೂ ಮೈ ಬಿಸಿ ಆಗ್ತದಾ?' ಮನೆಯಲ್ಲಿ ಹಾರ್ಟಿನ ಮಾತ್ರೆ ಅಂದಿದ್ದರಂತೆ. ಗಂಡಸಿಗೆ ಬಂದಾಗ ಮನೆತನದ ಜೀನ್‌ನಲ್ಲೇ ದೋಷ ಇರಬಹುದು, ಮಕ್ಕಳಿಗೂ ಗೊತ್ತಿರಬೇಕು ಅಂತ ನಮ್ಮ ಡಾಕ್ಟರ್ ಹೇಳಿದ್ದನ್ನೇ ಅವರಿಗೆ ಹೇಳಿದೆ. ಹೆಂಡತಿಗೆ ಹೇಳಲು ಅವರಿಗೆ ಮತ್ತೂ 2 ತಿಂಗಳು ಬೇಕಾಯಿತು. ಈಗ ಚೆಕಪ್‌ಗೆ ಒಟ್ಟಿಗೇ ಹೋಗುತ್ತೇವೆ, ನಾಲ್ಕೂ ಜನ.

ಈ ಸಲದ ಲೇಖನದಲ್ಲಿ ಆ ಒಂದು ಸಾಲು ಹಾಕಿ. ಹೆಸರು ಬೇಡ ಅಂತ ಮಗಳು ಹೇಳಿದ್ದಾಳೆ. ಊರಿಗೆಲ್ಲ ಗೊತ್ತಿದೆ, ಇರಲಿ.

ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು